ಕರಿ ಚೌಕದ ಹಿಂದಿನ ಮುಖಗಳು

ಪ್ರೊಫೆಸರ್ ಚಿದಾನಂದಯ್ಯನವರ ಪಾಠಕ್ಕೆ ಕಿಟಕಿ ಮೇಲಿನ ಪಾರಿವಾಳವೂ ತೂಕಡಿಸಿ ಕೆಳಗೆ ಬೀಳೋದು. ಅರ್ಧ ಹುಡುಗರು ಕ್ಲಾಸಲ್ಲಿ, ಇನ್ನರ್ಧ ಮನೆಯಲ್ಲೇ ಆನ್‌ಲೈನಲ್ಲಿ. ಮನೆಯಲ್ಲಿದ್ದೋರೆಲ್ಲ ಕ್ಯಾಮೆರಾ ಆಫ್ ಮಾಡಿ ಕೂತಿದ್ರಿಂದ, ಕ್ಲಾಸಿನ ಪರದೆ ತುಂಬ ಬರೀ ಕರಿ ಚೌಕ.

ಪ್ರೊಫೆಸರು ಅಟೆಂಡರ್ ದ್ಯಾವಣ್ಣನ ಮೇಲೆ ಗುಡುಗಿದರು. "ಇವತ್ತು ಅಷ್ಟೂ ಮುಖ ಕಾಣಿಸಬೇಕು. ಇಲ್ಲದಿದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ!"

"ಅಷ್ಟೇನಾ ಸಾರ್? ಬಾಗಿಲ ಮರೆಗೆ ನಿಂತ್ಕೊಳ್ಳಿ."

ದ್ಯಾವಣ್ಣ ಮೈಕ್ ಹಿಡಿದ. "ಮಕ್ಕಳೇ, ಇವತ್ತು ಸಾರ್ ಪಾಠ ಮಾಡಲ್ಲ. ಹರಟೆ ಹೊಡ್ಕೊಳ್ಳಿ."

ಪರದೆ ದೀಪಾವಳಿಯಾಯ್ತು. ಒಬ್ಬ ದಿಂಬು ತಬ್ಬಿ ಕುಣಿದ. ಒಬ್ಬಳು ಬಾಯ್ತುಂಬ ದೋಸೆ ಇಟ್ಕೊಂಡೇ ಕೇಕೆ ಹಾಕಿದಳು. ಮತ್ತೊಬ್ಬ ಸಾರ್ ಥರಾನೇ ಕನ್ನಡಕ ಜಾರಿಸಿ, "ಅರ್ಥವಾಯ್ತೇ?" ಅಂತ ರಾಗ ಎಳೆದ.

"ನೋಡ್ಕೊಳ್ಳಿ ಸಾರ್, ಒಂದು ಮುಖವೂ ಕಮ್ಮಿಯಿಲ್ಲ," ಅಂದ ದ್ಯಾವಣ್ಣ.

ಅವನ ಕೆಲಸ ಉಳಿಯಿತು. ಆದರೆ ಮಾರನೇ ದಿನ ಪರದೆಯಲ್ಲಿ ಇನ್ನೊಂದು ಕರಿ ಚೌಕ ಹೆಚ್ಚಾಗಿತ್ತು. ಅದು ಮನೆಯಿಂದಲೇ ಪಾಠಕ್ಕೆ ಕೂತ ಸಾರ್‌ದು.