ಮಸಿಕುದುರೆಯ ಎಡಪಕ್ಕ

ಚೀನಾದ ಕುದುರೆಗಳ ಮಾತು ನನಗೆ ತಾಯಿನುಡಿಯಷ್ಟೇ ಸಲೀಸು. ಇಲ್ಲದಿದ್ದರೆ ಈ ಕಥೆ ನಿಮಗೆ ಸಿಗುತ್ತಲೇ ಇರಲಿಲ್ಲ.

ಅಲ್ಲೊಬ್ಬ ಚಿತ್ರಕಾರನ ಅಂಗಳದಲ್ಲಿ ಮುದಿ ಗಾಡಿಕುದುರೆಯೊಂದಿತ್ತು. ಗೋಡೆಯ ಮೇಲಿನ ಮಸಿಚಿತ್ರದ ಕುದುರೆಯನ್ನು ತೋರಿಸಿ ಅದು ಕತ್ತೆಗೆ ಹೇಳಿತು: “ಅದು ನಾನೇ ಕಣೋ, ಹರೆಯದಲ್ಲಿ. ನನ್ನ ಓಟ ಎಂಥದ್ದೆಂದರೆ, ಮಸಿಗೆ ಜೂಲು, ಬಾಲ ಮಾತ್ರ ಸಿಕ್ಕವು. ಬೆನ್ನು ಸಿಗಲೇ ಇಲ್ಲ. ಅಲ್ಲಿ ಬರೀ ಬಿಳಿ ಕಾಗದ, ನೋಡು.”

ಕತ್ತೆ ನಕ್ಕಿತು. “ಸುಮ್ಮನಿರು ಮಾವ. ನೀನು ಜೀವಮಾನವಿಡೀ ಗಾಡಿ ಎಳೆದವನು. ಅದಕ್ಕೆ ಗಾಡಿಯೂ ಇಲ್ಲ, ಲಗಾಮೂ ಇಲ್ಲ. ಅದು ಬೇರೆ ಯಾರೋ.”

“ಹಾಗಾದರೆ ಆ ಚಿತ್ರದವನನ್ನೇ ಕೇಳು,” ಎಂದಿತು ಮುದಿ ಕುದುರೆ.

ಚಿತ್ರದ ಕುದುರೆ ಹೇಳಿತು: “ಚಿತ್ರಕಾರ ಗಾಡಿ, ಲಗಾಮು ಎರಡನ್ನೂ ಬರೆಯದೆ ಬಿಟ್ಟ. ಆದರೆ ನನ್ನ ಕತ್ತು ಎಡಕ್ಕೆ ವಾಲಿದೆ. ಈಗ ಮಾವನ ಕತ್ತು ನೋಡು.”

ಎರಡೂ ಒಂದೇ ಥರ ವಾಲಿದ್ದವು. “ತಪ್ಪಾಯಿತು ಮಾವ. ಯಾಕೆ ಹಾಗೆ ವಾಲಿತು?” ಎಂದಿತು ಕತ್ತೆ.

ಮುದಿ ಕುದುರೆಗೆ ಬಡಾಯಿ ಮರೆತೇಹೋಯಿತು. ಚಿತ್ರದ ಎಡಗಡೆ ಉಳಿದಿದ್ದ ಖಾಲಿ ಕಾಗದವನ್ನೇ ನೋಡುತ್ತಾ ಅದು ಹೇಳಿತು: “ಅದು ಜೋಡಿಗಾಡಿ ಕಣೋ. ಆ ಪಕ್ಕದಲ್ಲಿ ನನ್ನ ತಮ್ಮ ಓಡುತ್ತಿದ್ದ. ಗಾಲಿಯ ಸದ್ದಿನಲ್ಲಿ ಅವನ ತಮಾಷೆ ಕೇಳಿಸಬೇಕಲ್ಲ.”