ಹತ್ತು ಚಿಪ್ಪಿನ ಬುಟ್ಟಿ

ನದಿ ಕಡಲಿಗೆ ಸೇರುವ ಅಳಿವೆಯ ಹತ್ತಿರ, ಒಂದು ಗವಿಯಲ್ಲಿ ಬೊಮ್ಮಯ್ಯನೆಂಬ ಗುರುವಿದ್ದ. ಗಾಳಿ, ಮೋಡ, ಅಲೆಗಳನ್ನು ಓದುವುದೇ ಅವನ ವಿದ್ಯೆ.

ದಿನಾ ಸಂಜೆ ಅವನು ಒಂದು ಬುಟ್ಟಿಗೆ ಹತ್ತು ಚಿಪ್ಪು ಹಾಕಿ ದೋಣಿಕಟ್ಟೆಯ ಮೇಲೆ ಇಡುತ್ತಿದ್ದ. ಕರಿ ಚಿಪ್ಪು ಬಿರುಗಾಳಿಗೆ, ಬಿಳಿ ಚಿಪ್ಪು ಶಾಂತ ಕಡಲಿಗೆ. ಮೂರು ಕರಿ, ಏಳು ಬಿಳಿ ಇದ್ದರೆ, ನಾಳೆಯಂಥ ಹತ್ತು ದಿನಗಳಲ್ಲಿ ಮೂರು ದಿನ ಬಿರುಗಾಳಿ ಏಳುತ್ತದೆ ಎಂದರ್ಥ. ಬೆಸ್ತರು ಬಂದು ನೋಡಿ, ದೋಣಿ ಎಷ್ಟು ಗಟ್ಟಿ, ತಮ್ಮ ಎದೆ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಿ ಹೋಗುತ್ತಿದ್ದರು.

ಆಚೆ ದಡದ ಜಟ್ಟಪ್ಪ ಈ ಗುರುವಿನಲ್ಲಿಗೆ ಶಿಷ್ಯನಾಗಿ ಬಂದ. ವಿದ್ಯೆ ಕಲಿಯಲು ಬಂದೆ ಎಂದ. ಅದು ಹಸೀ ಸುಳ್ಳು.

ಎರಡು ವರ್ಷದ ಹಿಂದೆ ಅವನ ಅಪ್ಪ ಮೂರೇ ಕರಿ ಚಿಪ್ಪು ಕಂಡು ಕಡಲಿಗಿಳಿದವನು ಮರಳಿ ಬರಲಿಲ್ಲ. ಆ ಮೂರು ಸುಳ್ಳೋ ನಿಜವೋ, ಅದು ಗೊತ್ತಾಗದೆ ಜಟ್ಟಪ್ಪನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಮೊದಲ ದಿನವೇ ಕೇಳಿದ.

"ಗುರುಗಳೇ, ಬಿರುಗಾಳಿ ಬಂದರೆ ಕರಿ ಚಿಪ್ಪು ಇತ್ತಲ್ಲ ಅಂತೀರಿ. ಬರದಿದ್ದರೆ ಬಿಳಿ ಇತ್ತಲ್ಲ ಅಂತೀರಿ. ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಆಗಲಿಲ್ಲವೇ?"

"ನೋಡುವವರಿಗೆ ಹಾಗೇ ಕಾಣುತ್ತದೆ," ಎಂದ ಗುರು.

"ಹಾಗಾದರೆ ನಿಮ್ಮ ತಪ್ಪು ಹಿಡಿಯುವುದು ಹೇಗೆ?"

"ಒಂದು ದಿನ ನೋಡಿ ಹಿಡಿಯಲಿಕ್ಕೆ ಆಗುವುದಿಲ್ಲ. ಅದಕ್ಕೇ ಗೋಡೆ ಇಟ್ಟಿದ್ದೇನೆ."

ಗವಿಯ ಗೋಡೆಯ ತುಂಬ ಕೆಮ್ಮಣ್ಣಿನ ಸಾಲುಗಳು. ದಿನಕ್ಕೊಂದು ಸಾಲು. ಕರಿ ಚಿಪ್ಪು ಎಷ್ಟು, ಬೆಳಿಗ್ಗೆ ಎಣಿಸಿದ ಅಲೆ ಎಷ್ಟು, ಮರುದಿನ ಬಿರುಗಾಳಿ ಬಂತೋ ಇಲ್ಲವೋ. ಎಲ್ಲವನ್ನೂ ಗುರುವೇ ಬರೆದದ್ದು. ಬರೆದವನೇ ಒರೆಸಿ ತಿದ್ದಿರಲೂ ಬಹುದಲ್ಲ, ಎಂದುಕೊಂಡ ಜಟ್ಟಪ್ಪ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಗವಿಯ ಮೂಲೆಯಲ್ಲಿ ಒಂದು ಗಡಿಗೆಯಿತ್ತು. ಅದರ ಬಾಯಿಗೆ ತೆಳು ಚರ್ಮ ಬಿಗಿದು, ನಡುವೆ ಒಂದು ಉದ್ದ ಹುಲ್ಲುಕಡ್ಡಿಯ ಬುಡ ಅಂಟಿಸಿ, ತುದಿಯನ್ನು ಗಡಿಗೆಯ ಅಂಚಿನಾಚೆಗೆ ಚಾಚಿದ್ದರು.

"ಇದೆಂಥ ಮಾಟ?"

"ಮಾಟವಲ್ಲ, ತಕ್ಕಡಿ. ಗಾಳಿಗೂ ಭಾರವಿದೆ. ಹೊರಗಿನ ಗಾಳಿ ಹಗುರಾದರೆ ಗಡಿಗೆಯೊಳಗಿನ ಗಾಳಿ ಚರ್ಮವನ್ನು ಉಬ್ಬಿಸುತ್ತದೆ, ಕಡ್ಡಿಯ ತುದಿ ತಗ್ಗುತ್ತದೆ. ಹಗುರಾದ ಕಡೆಗೆ ಸುತ್ತಲಿನ ಗಾಳಿಯೆಲ್ಲ ನುಗ್ಗುತ್ತದೆ. ಬಿರುಗಾಳಿ ಅನ್ನುವುದು ಆ ನುಗ್ಗಾಟಕ್ಕೇ."

ಜಟ್ಟಪ್ಪ ನಂಬಲಿಲ್ಲ. ಒಂದು ಮಧ್ಯಾಹ್ನ ಗುರು ಸ್ನಾನಕ್ಕೆ ಹೋದಾಗ ಗಡಿಗೆಯನ್ನು ಒಲೆಯ ಪಕ್ಕ ಇಟ್ಟ. ಕಡ್ಡಿ ಸರಸರ ತಗ್ಗಿತು. ಮತ್ತೆ ಮೂಲೆಗೆ ತಂದಿಟ್ಟು, ಏನೂ ಅರಿಯದವನ ಹಾಗೆ ಕೂತ. ಈಗ ಮುದುಕ ಬುಟ್ಟಿಯ ತುಂಬ ಕರಿ ಚಿಪ್ಪು ಹಾಕುತ್ತಾನೆ, ಬಣ್ಣ ಬಯಲಾಗುತ್ತದೆ, ಎಂದು ಒಳಗೊಳಗೇ ಖುಷಿ.

ಗುರು ಬಂದು ಕಡ್ಡಿ ನೋಡಿದ. ಹೊರಗೆ ಹೋಗಿ ಆಕಾಶ ನೋಡಿದ. ಮರಳಿ ಬಂದು ಗಡಿಗೆಯ ಮೈ ಮುಟ್ಟಿದ.

"ಪಾಪ, ಇದಕ್ಕೆ ಜ್ವರ ಬಂದಿದೆ. ತಣ್ಣಗಾಗಲಿ, ಆಮೇಲೆ ಕೇಳೋಣ."

ಜಟ್ಟಪ್ಪನ ಮುಖ ಹುಳ್ಳಗಾಯಿತು.

"ನನ್ನ ಮೇಲೆ ಗುಮಾನಿಯೋ, ಗಡಿಗೆಯ ಮೇಲೋ?" ಎಂದು ಗುರು ಕೇಳಿದ.

"ಎರಡರ ಮೇಲೂ."

"ಸರಿ. ಹಾಗಿದ್ದರೆ ಅರ್ಧಕ್ಕೆ ಬಿಡಬೇಡ."

ಮರುದಿನದಿಂದ ಜಟ್ಟಪ್ಪ ಗೋಡೆ ಎಣಿಸಲು ಕೂತ. ಬೆರಳು ಕೆಂಪಾದವು, ಕುತ್ತಿಗೆ ಹಿಡಿಯಿತು. ಹನ್ನೊಂದು ದಿನ ಹಿಡಿಯಿತು ಆ ಕೆಲಸ.

ಮೂರು ಕರಿ ಚಿಪ್ಪಿನ ದಿನಗಳು ಗೋಡೆಯಲ್ಲಿ ನೂರಿದ್ದವು. ಅವುಗಳಲ್ಲಿ ಬಿರುಗಾಳಿ ಬಂದದ್ದು ಮೂವತ್ತೊಂದು ಸಲ. ಅಂದರೆ ಮುದುಕ ಸುಳ್ಳುಗಾರನಲ್ಲ. ಆದರೂ ಜಟ್ಟಪ್ಪನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ತಾನು ಯಾರನ್ನು ಬೈಯಬೇಕು?

ಅಪ್ಪ ಕಡಲಿಗಿಳಿದ ಹಿಂದಿನ ದಿನದ ಸಾಲನ್ನು ಹುಡುಕಿದ. ಅಂದಿನ ಅಲೆ ಮೂವತ್ತು. ಬೇರೆ ದಿನಗಳಲ್ಲಿ ಐವತ್ತರ ಹತ್ತಿರ. ಮತ್ತೆ ಗುಮಾನಿ ಬಂತು, ಮತ್ತೆ ಮೊದಲಿನಿಂದ ಎಣಿಸಿದ. ಎಣಿಸಿ ಮುಗಿದದ್ದೇ ಗುರುವನ್ನು ಕೂಗಿ ಕರೆದ.

"ಬೆಳಿಗ್ಗೆ ನೀರಿನ ಮೇಲೆ ತೂತಿನ ಬಟ್ಟಲು ಬಿಟ್ಟು, ಅದು ಮುಳುಗುವಷ್ಟರಲ್ಲಿ ಎಷ್ಟು ಅಲೆ ಬಂತು ಅಂತ ಎಣಿಸುತ್ತೀರಲ್ಲ, ಯಾಕೆ?"

"ದೂರದಲ್ಲಿ ಬಿರುಗಾಳಿ ಕಡಲನ್ನು ಕಡೆಯುತ್ತಿದ್ದರೆ, ಉದ್ದುದ್ದ ಅಲೆಗಳು ಅದಕ್ಕಿಂತ ಮುಂಚೆಯೇ ಓಡಿ ಬರುತ್ತವೆ. ನಿಧಾನವಾಗಿ ಬಡಿಯುತ್ತವೆ. ಎಣಿಕೆ ಕಡಿಮೆಯಾಗುತ್ತದೆ."

"ಗೊತ್ತಿದ್ದೂ ಅದನ್ನು ಚಿಪ್ಪಿಗೆ ಸೇರಿಸಲಿಲ್ಲವೇ?"

"ದೂರದ ಬಿರುಗಾಳಿ ದೂರಕ್ಕೇ ಹೋಗುತ್ತದೆ ಅಂದುಕೊಂಡಿದ್ದೆ."

"ಆ ನೂರು ದಿನಗಳಲ್ಲಿ ಅಲೆ ಕಡಿಮೆಯಿದ್ದದ್ದು ಇಪ್ಪತ್ತು ದಿನ. ಅದರಲ್ಲಿ ಹದಿನಾಲ್ಕು ಸಲ ಅದು ಇಲ್ಲಿಗೇ ಬಂದಿದೆ. ನೀವು ಏಳು ಹಾಕಬೇಕಿತ್ತು, ಮೂರಲ್ಲ. ಏಳು ಕಂಡಿದ್ದರೆ ನನ್ನಪ್ಪ ಇಳಿಯುತ್ತಿದ್ದನೋ ಇಲ್ಲವೋ!"

ಗುರು ಗೋಡೆಯ ಮುಂದೆ ಕೂತು ಸಾಲುಸಾಲಾಗಿ ತಾನೂ ಎಣಿಸಿದ. ಬಹಳ ಹೊತ್ತಾಯಿತು. ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು.

"ನಿನ್ನ ಲೆಕ್ಕ ಸರಿ. ತಪ್ಪು ನನ್ನದು. ಅಪ್ಪನ ವಿಷಯ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದರೆ ಆ ಸಾಲನ್ನು ಒರೆಸಿಬಿಡುತ್ತೀರಿ ಅಂತ."

"ಒಳ್ಳೆಯದೇ ಮಾಡಿದೆ," ಎಂದು ಗುರು ಬುಟ್ಟಿಯನ್ನು ಅವನ ಕೈಗೆ ಕೊಟ್ಟ. "ಇವತ್ತು ನೀನೇ ಹಾಕು."

ಅಂದು ಬೆಳಿಗ್ಗೆ ಅಲೆ ಇಪ್ಪತ್ತೊಂಬತ್ತು. ಕಡ್ಡಿ ಮೂರು ಚಿಪ್ಪಿನ ದಿನಗಳಲ್ಲಿ ನಿಲ್ಲುವಲ್ಲೇ ನಿಂತಿತ್ತು.

ದೋಣಿಕಟ್ಟೆಯಲ್ಲಿ ಬೆಸ್ತರು ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ಜಟ್ಟಪ್ಪನ ಅಣ್ಣ ಈರಪ್ಪ. ಅವನ ಹೊಸ ದೋಣಿಯನ್ನು ನೀರಿಗಿಳಿಸಲು ಮರುದಿನ ಬೆಳಿಗ್ಗೆಗೆ ಮುಹೂರ್ತ ಇಡಿಸಿಯಾಗಿತ್ತು.

ಜಟ್ಟಪ್ಪ ಏಳು ಕರಿ ಚಿಪ್ಪು ಆರಿಸಿದ. ಅಣ್ಣನ ಮುಖ ನೋಡಿದ. ಇನ್ನೂ ಮೂರು ಆರಿಸಿದ.

ಗುರು ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಗೋಡೆ ಎಷ್ಟು ಅಂದಿತು?"

"ಏಳು."

"ಕೈಯಲ್ಲಿ?"

"ಹತ್ತು. ಏಳು ಹಾಕಿದರೆ ಅವನು ಉಳಿದ ಮೂರನ್ನೇ ನೋಡುತ್ತಾನೆ, ಗುರುಗಳೇ. ಅವನ ಮೊಂಡುತನ ನಿಮಗೆ ಗೊತ್ತಿಲ್ಲ."

"ನಾಳೆ ಬಿರುಗಾಳಿ ಬರದಿದ್ದರೆ, ಮುಂದೆ ನಿಜವಾಗಿ ಹತ್ತು ಹಾಕುವ ದಿನ ಈ ಜನ ಬುಟ್ಟಿಯನ್ನು ನಂಬುತ್ತಾರೋ?"

ಜಟ್ಟಪ್ಪ ಮೂರು ಚಿಪ್ಪು ಹಿಂದಕ್ಕಿಟ್ಟು, ಮೂರು ಬಿಳಿ ಹಾಕಿ, ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟ.

ಬಂದವರೆಲ್ಲ ಬಗ್ಗಿ ನೋಡಿದರು. ಏಳು ಕಂಡು ಒಬ್ಬೊಬ್ಬರೇ ಬಲೆ ಹೆಗಲಿಗೇರಿಸಿ ಮನೆಯ ದಾರಿ ಹಿಡಿದರು. ಈರಪ್ಪ ಮಾತ್ರ ನಕ್ಕ.

"ಬಿಳಿ ಮೂರು ಉಂಟಲ್ಲ ತಮ್ಮಾ! ಹೊಸ ದೋಣಿಗೆ ಅಷ್ಟು ಸಾಕು. ಮುಹೂರ್ತ ತಪ್ಪಿಸೂಕಾಗ್ತದ್ಯಾ?"

ಹಾಗೆಂದು ಅವನು ಮರಳಿನ ಮೇಲೆ ದೋಣಿಯ ಕಡೆಗೆ ನಡೆದ.

ಜಟ್ಟಪ್ಪ ಗುರುವಿನ ಕಡೆ ತಿರುಗಿದ. ಈ ಮುದುಕನನ್ನು ನಂಬಿ ಕೆಟ್ಟೆ ಎಂಬ ಹಳೆಯ ಸಿಟ್ಟು ಮತ್ತೆ ತಲೆಗೇರಿತು.

"ಆಯಿತಲ್ಲ! ನೀವು ಹೇಳಿದಂತೆ ಇದ್ದದ್ದು ಇದ್ದ ಹಾಗೆ ಹಾಕಿದೆ. ನೋಡಿ, ಅವನು ಹೊರಟ. ಇನ್ನು ನಾನು ಮಾಡುವುದಾದರೂ ಏನು?"

"ಚಿಪ್ಪು ಸುಳ್ಳು ಹೇಳಬಾರದು ಅಂದೆ," ಎಂದ ಗುರು. "ಓಡಿಹೋಗಿ ಅಣ್ಣನ ಕಾಲು ಹಿಡಿಯಬೇಡ ಅಂತ ಯಾವಾಗ ಅಂದೆ?"