ಮುಸುವನ ಆಟ, ಎಮ್ಮೆಯ ಹೊಂಡ

ಕೋತಿ ಜಾತಿಯ, ಕಪ್ಪು ಮೂತಿಯ ಮುಸುವನೊಬ್ಬನಿಗೆ ವಿಡಿಯೋ ಗೇಮ್ ಮಾಡುವ ಹುಚ್ಚು ಹಿಡಿಯಿತು. ಬೇಸಗೆಯಿಡೀ ಕಂಪ್ಯೂಟರಿನ ಮುಂದೆ ಕೂತು, ಮರದಿಂದ ಮರಕ್ಕೆ ಜಿಗಿಯುವ ಆಟವೊಂದನ್ನು ಕಟ್ಟಿದ. ಜಿಗಿತ ತಪ್ಪಿದರೆ ಕೆಸರಿನ ಹೊಂಡಕ್ಕೆ ಬೀಳಬೇಕು, ಅಲ್ಲಿಗೆ ಆಟ ಮುಗಿಯಿತು. ಕಾಡಿನಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಎಮ್ಮೆಯಕ್ಕನನ್ನು ಕೈಕಾಲು ಹಿಡಿದು ಕರೆತಂದ.

ಎಮ್ಮೆಯಕ್ಕ ಮೊದಲ ಜಿಗಿತದಲ್ಲೇ ಹೊಂಡಕ್ಕೆ ಬಿದ್ದಳು. ಮತ್ತೆ ಬಿದ್ದಳು. ಮತ್ತೂ ಬಿದ್ದಳು.

"ಅಕ್ಕಾ, ಕೊಂಬೆ ಹಿಡಿಯಬೇಕು!" ಎಂದು ಮುಸುವ ಹಣೆ ಚಚ್ಚಿಕೊಂಡ.

"ಕೊಂಬೆ ಯಾರಿಗೆ ಬೇಕು ತಮ್ಮಾ? ಇಂಥ ಕೆಸರನ್ನು ನಾನೆಲ್ಲೂ ಕಂಡಿಲ್ಲ. ಬಿದ್ದಾಗ ಬುಳುಂ ಎನ್ನುತ್ತದಲ್ಲ, ಆಹಾ!"

"ಅದು ಸೋಲು!"

"ಹೌದೇ? ಹಾಗಾದರೆ ಇನ್ನೊಮ್ಮೆ ಸೋಲುತ್ತೇನೆ, ಕೊಂಚ ಆಚೆ ಸರಿ."

ಸಂಜೆಯ ಹೊತ್ತಿಗೆ ಎಮ್ಮೆಯಕ್ಕನ ನೆಂಟರಿಷ್ಟರೆಲ್ಲ ಸಾಲುಗಟ್ಟಿದರು. ಸದ್ದು ಕೇಳಿ ಹಂದಿಗಳೂ ಬಂದವು. ಎರಡನೆಯ ಮರವನ್ನು ಯಾರೂ ನೋಡಲಿಲ್ಲ. ಮುಸುವನಿಗೆ ಅಳುವೇ ಬಂತು. ಆದರೆ ತಾನು ಮಾಡಿದ್ದಕ್ಕೆ ಇಷ್ಟು ಮಂದಿ ಮುಗಿಬಿದ್ದದ್ದನ್ನು ಅವನು ಕಂಡದ್ದು ಅದೇ ಮೊದಲು. ಮೂಗು ಒರೆಸಿಕೊಂಡು ಕೇಳಿದ: "ಅಕ್ಕಾ, ಹೊಂಡವನ್ನು ಇನ್ನಷ್ಟು ಅಗಲ ಮಾಡಲೇ?"

"ಮಾಡಪ್ಪ. ಆ ಮರಗಳು ಅಡ್ಡ ಬರುತ್ತಿವೆ, ಎಲ್ಲ ಕಡಿದುಬಿಡು."

"ಒಂದಾದರೂ ಇರಲಿ ಅಕ್ಕಾ," ಎಂದ ಮುಸುವ, "ಬೀಳುವುದಕ್ಕೂ ಎತ್ತರ ಬೇಕಲ್ಲ!"